ಚರಿತ್ರೆಯಿಲ್ಲದ ಹಿರಿಯಳಿಯ

ಇಂದಿರಾನಗರದ ಆ ದೊಡ್ಡ ಅಂಗಡಿಯಲ್ಲಿ ನನ್ನ ಷಡ್ಡಕ ಮುನೀಂದ್ರನಿಗೆ ಕುರ್ಚಿ ಕೊಡುತ್ತಾರೆ. ನನಗೆ ಕೊಡುವುದಿಲ್ಲ. ನನ್ನ ದುಃಖವನ್ನು ಇದಕ್ಕಿಂತ ಸಂಕ್ಷಿಪ್ತವಾಗಿ ನಿರೂಪಿಸಲು ಸಾಧ್ಯವಿಲ್ಲ.

ಕುರ್ಚಿ ಎಂದರೆ ಬರೀ ಕುರ್ಚಿಯಲ್ಲ. ಅಂಗಡಿಯವರದೇ ಕ್ರೆಡಿಟ್ ಕಾರ್ಡ್ ಇದ್ದವರಿಗೆ ಗಾಜಿನ ಬಾಗಿಲಿನಾಚೆ ಬೇರೆ ಕೋಣೆ, ತಣ್ಣನೆ ಗಾಳಿ, ಏಲಕ್ಕಿ ಚಹಾ. ಕಾರ್ಡಿಲ್ಲದವರಿಗೆ ಸಾಲು. ಹೋದ ತಿಂಗಳು ನನ್ನ ಹೆಂಡತಿ ಸುಕನ್ಯ ಕುಕ್ಕರ್ ಹಿಡಿದು ಆ ಸಾಲಿನಲ್ಲಿ ನಿಂತಿದ್ದಾಗ, ಅವಳ ತಂಗಿ ಯಮುನಾ ಗಾಜಿನಾಚೆಯಿಂದ ಚಹಾದ ಲೋಟ ಎತ್ತಿ ತೋರಿಸಿ ನಕ್ಕಳಂತೆ. ಆ ನಗೆಯ ತರಂಗಾಂತರವನ್ನು ಸುಕನ್ಯ ಮನೆಗೆ ಬಂದು ನನಗೆ ವಿವರಿಸಿದಳು.

ಯಮುನಾಳ ಗಂಡನೇ ಮುನೀಂದ್ರ. ಕೆ.ಆರ್. ಪುರದಲ್ಲಿ ಟೆಂಪೊ ಓಡಿಸುತ್ತಾನೆ. ಟೆಂಪೊ ಸಾಲದ್ದು, ಮೊಬೈಲು ಸಾಲದ್ದು, (ನನ್ನ ಅಂದಾಜಿನಲ್ಲಿ) ಮೀಸೆಯ ಬಣ್ಣವೂ ಸಾಲದ್ದು. ನಾನಾದರೋ ಗರುಡಾಚಾರ್‌ಪಾಳ್ಯದ ಪೇಂಟ್ ಕಾರ್ಖಾನೆಯಲ್ಲಿ ಕೆಮಿಸ್ಟ್. ಪಕ್ಕದ ಮನೆಯಿಂದ ಹೆಪ್ಪಿಗೆ ಮಜ್ಜಿಗೆಯನ್ನೂ ಕಡ ತಂದವನಲ್ಲ. ಮೇಲಾಗಿ ನಾನು ಹಿರಿಯಳಿಯ. ಅತ್ತೆ ರಾಮಲಕ್ಷ್ಮಮ್ಮನವರ ಮನೆಯಲ್ಲಿ ಮೊದಲ ಎಲೆ ನನ್ನದು, ಒಬ್ಬಟ್ಟಿನ ಮೇಲೆ ಬೀಳುವ ಮೊದಲ ತುಪ್ಪ ನನ್ನದು. ಹೀಗಿರುವಾಗ ಜಗತ್ತಿನ ಒಂದು ಕುರ್ಚಿ ಮಾತ್ರ ಕಿರಿಯಳಿಯನಿಗೆ ಮೀಸಲೆಂದರೆ ಹೇಗೆ ಸಹಿಸಲಿ?

ನಾನೂ ಅರ್ಜಿ ಹಾಕಿದೆ. ತಿರಸ್ಕೃತವಾಯಿತು. ಕಾರಣ ಕೇಳಲು ಸುಕನ್ಯಳನ್ನೂ ಕರೆದುಕೊಂಡು ಹೋದೆ. (ಇದು ಮೊದಲ ತಪ್ಪು.)

ಕೌಂಟರಿನಲ್ಲಿದ್ದ ಹುಡುಗಿ ಮೆಹ್ವಿಶ್ ಬಹಳ ಮೃದುವಾಗಿ ಹೇಳಿದಳು: "ಸಾರ್, ನಿಮಗೆ ಕ್ರೆಡಿಟ್ ಹಿಸ್ಟರಿ ಇಲ್ಲ."

"ಅಂದ್ರೆ?"

"ನೀವು ಸಾಲಾನೇ ಮಾಡಿಲ್ವಲ್ಲ ಸಾರ್. ವಾಪಸ್ ಕೊಡ್ತೀರೋ ಇಲ್ವೋ, ಸಿಸ್ಟಮ್‌ಗೆ ಹೆಂಗೆ ಗೊತ್ತಾಗ್ಬೇಕು?"

"ಹಿಸ್ಟರಿ ಎಲ್ಲಿಂದ ಬರ್ಬೇಕಮ್ಮ," ಎಂದಳು ಸುಕನ್ಯ, "ಇವ್ರು ಬಿ.ಎಸ್ಸಿ."

ಇಷ್ಟು ವರ್ಷ ಚಾರಿತ್ರ್ಯವಿದ್ದರೆ ಸಾಕೆಂದುಕೊಂಡಿದ್ದೆ. ಬೇಕಾಗಿದ್ದದ್ದು ಚರಿತ್ರೆ.

ಮನೆಗೆ ಬಂದ ಮೇಲೆ ಸುಕನ್ಯ ಮೆಲ್ಲಗೆ ತೆಗೆದಳು. "ಮುನೀಂದ್ರನ ಕಾರ್ಡಿಗೇ ಮನೆಯವ್ರನ್ನ ಸೇರಿಸ್ಬೋದಂತೆ. ಕೇಳ್ಲಾ?"

"ಹಿರಿಯಳಿಯ ಹೋಗಿ ಕಿರಿಯಳಿಯನ ಬಾಲಕ್ಕೆ ಜೋತುಬೀಳ್ಬೇಕಾ?"

"ಜೋತುಬಿದ್ರೆ ಕೂತ್ಕೋಬೋದು. ಇಲ್ದಿದ್ರೆ ನಿಂತ್ಕೊಂಡೇ ಇರಿ."

ಆ ಮಾತನ್ನು ಅವಳು ಅಲಂಕಾರಕ್ಕೆ ಹೇಳಿರಲಿಲ್ಲ. ರಾತ್ರಿ ಊಟಕ್ಕೆ ಕುರ್ಚಿ ಎಳೆದರೆ, "ಕಾರ್ಡ್ ಇದ್ಯಾ?" ಎಂದಳು. ನಿಂತೇ ಮುದ್ದೆ ನುಂಗುವುದು ಎಷ್ಟು ಕಷ್ಟವೆಂಬುದನ್ನು ಪ್ರಯೋಗದಿಂದ ಕಂಡುಕೊಂಡ ಮೇಲೆ ಒಪ್ಪಿಕೊಂಡೆ.

ಮುನೀಂದ್ರ ಉದಾರಿ; ಅದೇ ಅವನಲ್ಲಿ ನನಗೆ ಸಹಿಸಲಾಗದ ಗುಣ. ಮರುದಿನವೇ ಫೋನ್ ಮಾಡಿದ. "ಅಣ್ಣ, ನಿಮ್ ಹೆಸ್ರು ಹಾಕ್ಬಿಟ್ಟಿದೀನಿ. ಆಧಾರ್ ತಗೊಂಡ್ ಹೋಗಿ, ಕಾರ್ಡ್ ಕೈಗೇ ಕೊಡ್ತಾರೆ. ಒಂದ್ ಚಿಕ್ಕ ಅಡ್ಜಸ್ಟ್‌ಮೆಂಟ್ ಮಾಡಿದೀನಿ ಅಷ್ಟೇ." ಏನದೆಂದು ಕೇಳುವಷ್ಟರಲ್ಲಿ ಟೆಂಪೊದ ಹಾರ್ನ್ ಅವನ ಉತ್ತರವನ್ನು ನುಂಗಿತು.

ಭಾನುವಾರ ಅಂಗಡಿಗೆ ಹೋದೆವು. ಗಾಜಿನ ಬಾಗಿಲು ತೆರೆಯಿತು. ಮೆಹ್ವಿಶ್ ಎದ್ದು ಬಂದು ನನ್ನ ಮೊಣಕೈ ಹಿಡಿದುಕೊಂಡಳು.

"ಬನ್ನಿ ಅಂಕಲ್, ನಿಧಾನ. ಮೆಟ್ಟಿಲಿದೆ."

ಹೋದ ಸಲ 'ಸಾರ್' ಆಗಿದ್ದವನು ಈ ಸಲ 'ಅಂಕಲ್' ಆದದ್ದು ಕಾರ್ಡಿನ ಮಹಿಮೆ ಎಂದುಕೊಂಡು ಕುರ್ಚಿಯಲ್ಲಿ ಕುಳಿತೆ. ಮೆತ್ತನೆಯ ಕುರ್ಚಿ.

"ನಿಮ್ ಮಗ ತುಂಬಾ ಒಳ್ಳೆಯವ್ರು ಅಂಕಲ್. ಈಗಿನ ಕಾಲ್ದಲ್ಲಿ ಅಪ್ಪಂಗೆ ಯಾರು ಕಾರ್ಡ್ ಮಾಡಿಸ್ಕೊಡ್ತಾರೆ?"

"ಯಾವ ಮಗ?" (ನಮಗಿರುವುದು ಒಬ್ಬಳೇ ಮಗಳು. ಹತ್ತನೇ ಕ್ಲಾಸು.)

"ಮುನೀಂದ್ರ ಸಾರ್."

ಅಲ್ಲಿಂದಲೇ ಅವನಿಗೆ ಫೋನ್ ಹಚ್ಚಿದೆ.

"ಏನ್ ಮಾಡ್ಲಿ ಅಣ್ಣ," ಎಂದ. "ಫಾರಮ್‌ನಲ್ಲಿ ಸಂಬಂಧ ಅನ್ನೋ ಕಡೆ ಹೆಂಡ್ತಿ, ಅಪ್ಪ, ಅಮ್ಮ, ಮಕ್ಳು ಇಷ್ಟೇ ಇರೋದು. ಷಡ್ಡಕ ಅಂತ ಇಲ್ವೇ ಇಲ್ಲ. ಹೆಂಡ್ತಿ ಅಂತ ಹಾಕಕ್ಕಾಗಲ್ಲ. ಮಗ ಅಂತ ಹಾಕಿದ್ರೆ ನಿಮ್ಗೆ ಮರ್ಯಾದೆ ಕಮ್ಮಿ. ನೀವು ಹಿರೀರು, ಅದಕ್ಕೇ…"

ಸತ್ಯ ಹೇಳಿಬಿಡಬೇಕೆಂದು ಮೆಹ್ವಿಶ್ ಕಡೆ ತಿರುಗಿದೆ. "ನೋಡಮ್ಮ, ನಂಗೂ ಅವನಿಗೂ ಮೂರೇ ವರ್ಷ ಅಂತರ. ಜೀವಶಾಸ್ತ್ರದ ಪ್ರಕಾರ…"

ಸುಕನ್ಯ ನನ್ನ ಕಾಲು ತುಳಿದಳು. ಅವಳು ಆಗಲೇ ಚಹಾ ಕುಡಿಯುತ್ತ ತಂಗಿಗೆ ಫೋನ್ ಮಾಡಿದ್ದಳು. "ಯಮುನಾ, ಇನ್ಮೇಲೆ ಅಕ್ಕ ಗಿಕ್ಕ ಅನ್ಬೇಡ. ಅತ್ತೆ ಅನ್ನು. ಹಬ್ಬಕ್ಕೆ ಬಂದಾಗ ಕಾಲಿಗೆ ಬೀಳೋದು ಮರೀಬೇಡ." ಮದುವೆಯಾದ ಮೇಲೆ ನಾನು ಕೊಡಿಸಿದ ಯಾವ ಸೀರೆಯೂ ಅವಳ ಮುಖಕ್ಕೆ ಆ ಕಳೆ ತಂದಿರಲಿಲ್ಲ.

ಮೆಹ್ವಿಶ್ ಕಂಪ್ಯೂಟರಿನಲ್ಲಿ ಇಬ್ಬರ ಹುಟ್ಟಿದ ದಿನಾಂಕಗಳನ್ನೂ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. "ಸಿಸ್ಟಮ್ ಓಕೆ ಅಂದಿದೆ ಅಂಕಲ್. ನೋಡಿದ್ರೂ ಗೊತ್ತಾಗುತ್ತಲ್ಲ."

ನಾನು ತೆಗೆದುಕೊಂಡದ್ದನ್ನು ತೀರಿಸಬಲ್ಲೆ ಎಂಬುದನ್ನು ಎಷ್ಟು ಬೇಡಿದರೂ ನಂಬದ ಕಂಪ್ಯೂಟರು, ನಾನು ಮೂರನೆಯ ವಯಸ್ಸಿನಲ್ಲಿ ಗಂಡುಮಗುವಿನ ತಂದೆಯಾದೆ ಎಂಬುದನ್ನು ಒಂದೇ ಕ್ಷಣದಲ್ಲಿ ನಂಬಿತ್ತು.

ನನ್ನ ಚಹಾ ಬಂತು. ನನ್ನನ್ನು ಒಂದು ಮಾತೂ ಕೇಳದೆ, ಸಕ್ಕರೆ ಹಾಕದೆ ತಂದಿದ್ದರು.