ಧಣಿ ತಂದ ಬ್ಯಾಟರಿ ದೋಟಿ

ಕೆಲವರ ಕೈಗೆ ಯಂತ್ರ ಕೊಟ್ಟರೆ ಕೆಲಸ ಆಗುತ್ತದೆ, ನಮ್ಮ ಕೈಗೆ ಕೊಟ್ಟರೆ ಕಥೆ ಆಗುತ್ತದೆ. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯಲ್ಲಿ ಒಬ್ಬ ಗಣಿ ಧಣಿಯ ಗೆಸ್ಟ್ ಹೌಸಿಗೆ ನಾನು ಸೂಪರ್‌ವೈಸರ್ ಆಗಿದ್ದಾಗ ಇಂಥವು ನಡೆಯುತ್ತಲೇ ಇದ್ದವು. ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ನಕ್ಕು ಮುಗಿದ ಮೇಲೆ ಬೇಜಾರೂ ಆಗುತ್ತದೆ.

ಇಲ್ಲಿಯ ಅದಿರು ಚೀನಾಕ್ಕೆ ಹೋಗುತ್ತಿದ್ದ ಕಾಲ. ಲಾರಿಗಳ ದೂಳಿಗೆ ರಸ್ತೆ, ಗೋಡೆ, ಎಮ್ಮೆ, ಮದುವೆಗೆ ಹೊರಟವರ ಬಿಳಿ ಪಂಚೆ, ಎಲ್ಲವೂ ಕೆಂಪು. ನಮ್ಮ ಕಾಂಪೌಂಡಿನಲ್ಲಿ ಹಸಿರು ಅಂತ ಉಳಿದಿದ್ದು ಅಡಿಗೆಮನೆಯ ಹಿಂದಿನ ಒಂದೇ ಬೇವಿನ ಮರ. ಅಡಿಗೆ ಮಾಡುತ್ತಿದ್ದ ಅಕ್ಕ ಕಡ್ಡಿರಾಂಪುರದವರು. ಅಕ್ಕಿ ತೊಳೆದ ನೀರನ್ನೆಲ್ಲ ಅದರ ಬುಡಕ್ಕೇ ಸುರಿಯುತ್ತಿದ್ದರು. ಅಡಿಗೆಮನೆಗೆ ಇದ್ದದ್ದು ತಗಡಿನ ಸೂರು. ಮೇಲೆ ಆ ಮರದ ನೆರಳಿಲ್ಲದಿದ್ದರೆ ನಮ್ಮ ಬೇಸಿಗೆಯಲ್ಲಿ ಅನ್ನದ ಜೊತೆ ಅಕ್ಕನೂ ಬೇಯಬೇಕಾಗಿತ್ತು.

ಆದರೆ ಆ ಮರದ ಎಲೆ ಧಣಿಯ ಕಾರಿನ ಮೇಲೆ ಬೀಳುತ್ತಿತ್ತು. ಗಣಿಯ ದೂಳು ಬಿದ್ದರೆ ಅವರಿಗೆ ಬೇಜಾರಿಲ್ಲ, ಅದು ಲಕ್ಷ್ಮಿ. ಎಲೆ ಬಿದ್ದರೆ ಸಿಟ್ಟು. ಒಂದು ದಿನ "ಕಡಿಸಿ ಒಗೀರಿ ಅದನ್ನ" ಅಂದರು. ಅಕ್ಕ ಕೈಮುಗಿದು ಬೇಡಿಕೊಂಡರು. ಧಣಿ ಸ್ವಲ್ಪ ಕರಗಿ, ಚೀನಾದಿಂದ ತಂದಿದ್ದ ಒಂದು ಉದ್ದನೆಯ ಡಬ್ಬಿಯನ್ನು ನನ್ನ ಮುಂದೆ ಇಡಿಸಿದರು. ಅದರೊಳಗೆ ಕೋಲಿನ ತುದಿಗೆ ಸಿಕ್ಕಿಸುವ, ಬ್ಯಾಟರಿಯಿಂದ ಓಡುವ ಚೈನ್ ಗರಗಸವಿತ್ತು. ನೋಡಲಿಕ್ಕೆ ಹಣ್ಣು ಕೀಳುವ ದೋಟಿಯ ಹಾಗೆ ಇತ್ತು. ನಾವು ಬ್ಯಾಟರಿ ದೋಟಿ ಅಂತಲೇ ಕರೆದೆವು.

"ಇದರಿಂದ ಟೊಂಗಿ ಸವರಿಕೊಂತ ಇರ್ರಿ. ಕಾರಿನ ಮ್ಯಾಲೆ ಒಂದು ಎಲಿ ಕಂಡ್ರೂ ಬುಡಕ್ಕ ಕೊಡ್ಲಿ ಹಾಕಸ್ತೀನಿ" ಅಂದರು ಧಣಿ. ಮರ ಉಳಿಯಬೇಕಾದರೆ ನಾವು ಗರಗಸ ಕಲಿಯಬೇಕು ಎಂದಾಯಿತು.

ಹೊಗೆ

ಜೋಡಿಸುವ ವಿಧಾನದ ಪುಸ್ತಕವೇನೋ ಇತ್ತು, ಚೀನೀ ಭಾಷೆಯಲ್ಲಿ. ನಮ್ಮ ಡ್ರೈವರ್ ಕಂಪ್ಲಿಯವನು. ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ತೆಲುಗಂತೂ ಅಲ್ಲ ಸಾರ್, ಅಷ್ಟು ಮಾತ್ರ ಖಾತ್ರಿ" ಅಂದ.

ಚಿತ್ರ ನೋಡಿಕೊಂಡೇ ಕೋಲಿನ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿ ಬಿಗಿದೆವು, ಚೈನ್ ಏರಿಸಿದೆವು. ಚಿತ್ರದ ಮನುಷ್ಯ ತಲೆಗೆ ಹೆಲ್ಮೆಟ್, ಕಣ್ಣಿಗೆ ಕನ್ನಡಕ ಹಾಕಿದ್ದ. ನೀನೂ ಹಾಕಿಕೋ ಅಂದರೆ ಡ್ರೈವರ್, "ಅದು ಚೀನಾದವ್ರಿಗೆ ಸಾರ್, ನಮಗ್ಯಾಕ?" ಅಂದ. ಬ್ಯಾಟರಿ ಹಾಕಿ ಗುಂಡಿ ಒತ್ತಿದ ಕೂಡಲೇ ಗುರ್ ಅಂತ ಮಸ್ತಾಗಿ ಓಡಿತು. ಟೊಂಗೆಗೆ ತಾಗಿಸಿದರೆ ಮಾತ್ರ ಕೊಯ್ಯಲೊಲ್ಲದು. ಅವನು ಜೋರಾಗಿ ಒತ್ತಿದ, ಆಮೇಲೆ ನಾನೂ ಒತ್ತಿದೆ. ಟೊಂಗೆಯಿಂದ ಹೊಗೆ ಎದ್ದಿತೇ ಹೊರತು ಒಂದು ಚೂರು ಹೊಟ್ಟು ಉದುರಲಿಲ್ಲ.

ಬ್ಯಾಟರಿ ಬಿಚ್ಚಿಟ್ಟು, ಓದುವ ಕನ್ನಡಕ ಏರಿಸಿ ನೋಡಿದೆ. ಚೈನ್ ಕೂರುವ ಪಟ್ಟಿಯ ಮೇಲೆಯೇ ಹಲ್ಲು ಯಾವ ಕಡೆ ಇರಬೇಕು ಅಂತ ಗೆರೆ ಕೊರೆದಿದ್ದಾರೆ. ನಾವು ಹಲ್ಲನ್ನು ಹಿಂದುಮುಂದು ಹಾಕಿದ್ದೆವು. ಅಷ್ಟೊತ್ತಿಗೆ ಅಕ್ಕ ಅಡಿಗೆಮನೆಯಿಂದ ಇಣುಕಿ ಅಂದರು: "ಟೊಂಗಿ ಬೀಳದಿದ್ರ ಇರ್ಲಿ ಬಿಡ್ರಿ. ಬೇವಿನ ಹೊಗಿಗೆ ಸೊಳ್ಳಿ ಮಾತ್ರ ಒಂದೂ ಉಳಿದಿಲ್ಲ. ದಿನಾ ಸಂಜಿಗೆ ಇಷ್ಟು ಹೊತ್ತು ಕೊಯ್ರಿ."

ಮಿರ್ಚಿ

ಚೈನ್ ತಿರುಗಲು ಎಣ್ಣೆ ಬೇಕು, ಅದಕ್ಕೊಂದು ಪುಟ್ಟ ಡಬ್ಬಿ ಯಂತ್ರದಲ್ಲೇ ಇದೆ. ನಾನು ಎಣ್ಣೆ ತರಲು ಹೊಸಪೇಟೆಗೆ ಹೋದೆ. ಬರುವಷ್ಟರಲ್ಲಿ ಡ್ರೈವರ್ ತಡೆಯಲಾರದೆ ಅಡಿಗೆಮನೆಯಲ್ಲಿ ಮಿರ್ಚಿ ಬಜ್ಜಿ ಕರಿದು ಉಳಿದ ಎಣ್ಣೆಯನ್ನು ಹಾಕಿ ಓಡಿಸುತ್ತಿದ್ದ. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಓಡಿತು. ಆದರೆ ಬಿಸಿಯಾದ ಚೈನಿನಿಂದ ಬಂದ ಘಮ ರಸ್ತೆಯವರೆಗೂ ಹೋಯಿತು. ಅದಿರಿನ ಲಾರಿಯೊಂದು ಗೇಟಿಗೆ ನಿಂತಿತು, ಅದರ ಹಿಂದೆ ಇನ್ನೊಂದು ನಿಂತಿತು.

"ಮಿರ್ಚಿ ಬಿಸಿ ಐತೇನ್ರಿ?" ಅಂತ ಒಬ್ಬ ಕೇಳಿದ.

"ಮಿರ್ಚಿ ಇಲ್ಲಪಾ, ಮರ ಕೊಯ್ಯಾಕತ್ತೀವಿ" ಅಂದೆ.

ಅವನು ಮರವನ್ನೂ ನನ್ನನ್ನೂ ಒಮ್ಮೆ ನೋಡಿ, "ಕೊಡಾಕ ಮನಸ್ಸಿಲ್ಲಂದ್ರ ಇಲ್ಲ ಅನ್ರಿ ಸಾರ್, ಸುಳ್ಳ್ಯಾಕ ಹೇಳ್ತೀರಿ?" ಅಂದು ಹೋದ.

ಮರುದಿನ ಎಣ್ಣೆಯ ಕಿಂಡಿಯಲ್ಲಿ ಕಡಲೆಹಿಟ್ಟು ಸಿಕ್ಕಿಕೊಂಡು ಚೈನ್ ಒಣಗಿತು. ಇಡೀ ದಿನ ಕಡ್ಡಿ ಹಾಕಿ ಕೆರೆದೆ. ಮಿರ್ಚಿ ತಿಂದ ಯಂತ್ರವನ್ನು ಪ್ರಪಂಚದಲ್ಲಿ ಬೇರೆ ಯಾರಾದರೂ ಸ್ವಚ್ಛ ಮಾಡಿದ್ದರೆ ನನಗೆ ತಿಳಿಸಿ.

ದೃಷ್ಟಿ

ಆಯುಧ ಪೂಜೆ ಬಂತು. ಡ್ರೈವರ್ ಪೈಪು ಹಿಡಿದು ಕಾರು ತೊಳೆದ. ದೋಟಿಯ ಬ್ಯಾಟರಿ ಕೂರುವ ಜಾಗಕ್ಕೂ ವಿಭೂತಿ ಬಳಿದು ಕುಂಕುಮ ಇಟ್ಟ, ಪೂಜೆ ಮುಗಿದ ಮೇಲೆ ಅದನ್ನು ತೊಳೆಯಲು ಅದೇ ಪೈಪಿನಲ್ಲಿ ತಲೆಸ್ನಾನ ಮಾಡಿಸಿದ. ಮೂರು ದಿನ ಯಂತ್ರ ಉಸಿರೆತ್ತಲಿಲ್ಲ. ಬಿಸಿಲಿಗಿಟ್ಟು, ಒಣ ಬಟ್ಟೆಯಲ್ಲಿ ಒರೆಸಿ ಒರೆಸಿ ಬದುಕಿಸಿದ್ದಾಯಿತು. ಅದಿರಲಿ, ಪೂಜೆಯ ಹೊತ್ತಿನ ಮಾತು ಬೇರೆ ಇದೆ.

ಪೂಜೆಗೆ ಅಯ್ಯನವರನ್ನು ಕರೆಸಿದ್ದೆವು. ದೃಷ್ಟಿ ತೆಗೆಯಲು ಕಾರಿನ ಗಾಲಿಗೆ ನಿಂಬೆಹಣ್ಣು ಇಟ್ಟೆವು. ದೋಟಿಗೆ ಗಾಲಿ ಎಲ್ಲಿದೆ? ಡ್ರೈವರ್ ತಲೆ ಓಡಿಸಿ, ನಿಂಬೆಹಣ್ಣನ್ನು ಕಲ್ಲಿನ ಮೇಲಿಟ್ಟು, ನಾನು ಬೇಡ ಬೇಡ ಅನ್ನುವುದರೊಳಗೆ ಓಡುವ ಚೈನನ್ನೇ ಅದಕ್ಕೆ ಹಚ್ಚಿದ. ಹಣ್ಣು ಹೋಳಾಗಲಿಲ್ಲ, ಹಾರಿತು. ಮಂತ್ರ ಹೇಳುತ್ತಿದ್ದ ಅಯ್ಯನವರ ಹುಬ್ಬಿಗೆ ಫಟ್ ಅಂತ ಬಡಿಯಿತು. ಒಂದಿಷ್ಟು ಕೆಳಗೆ ಬಡಿದಿದ್ದರೆ ಅನಾಹುತವೇ ಆಗುತ್ತಿತ್ತು. ನಾನು ಓಡಿ ಹೋಗಿ ಬ್ಯಾಟರಿ ಕಿತ್ತುಕೊಂಡೆ.

ಅಯ್ಯನವರು ಹುಬ್ಬು ಹಿಡಿದುಕೊಂಡೇ ಕೇಳಿದರು: "ದೃಷ್ಟಿ ತಗೀತೀನಿ ಅಂದಿ, ನನ್ನ ಕಣ್ಣ ತಗಿಯಾಕ ಹೊಂಟಿಯೇನಲೇ?"

ಕೈಗುಣ

ಆಮೇಲೆ ನಾನು ಕಟ್ಟುನಿಟ್ಟು ಮಾಡಿದೆ. ಬ್ಯಾಟರಿ ತೆಗೆಯದೆ ಚೈನ್ ಮುಟ್ಟುವಂತಿಲ್ಲ. ಕನ್ನಡಕ, ಹೆಲ್ಮೆಟ್ ಇಲ್ಲದೆ ದೋಟಿ ಎತ್ತುವಂತಿಲ್ಲ. ಕೊಯ್ಯುವ ಟೊಂಗೆಯ ಕೆಳಗೆ ನಿಲ್ಲುವಂತಿಲ್ಲ, ಕರೆಂಟಿನ ತಂತಿಯ ಹತ್ತಿರ ಸುಳಿಯುವಂತಿಲ್ಲ. ಕೆಲಸ ಮುಗಿದರೆ ಕೆಂಪು ದೂಳು ಒರೆಸಿ, ಹಲ್ಲು ಅರದಿಂದ ಮಸೆದು, ಬ್ಯಾಟರಿ ಚಾರ್ಜಿಗಿಟ್ಟೇ ಮನೆಗೆ ಹೋಗುತ್ತಿದ್ದೆ. ಕಾರಿನ ಕಡೆಗೆ ಚಾಚಿದ ಟೊಂಗೆಗಳನ್ನಷ್ಟೇ ಹದವಾಗಿ ಸವರಿದೆವು. ಎಲೆ ಬೀಳುವುದು ನಿಂತಿತು, ಅಡಿಗೆಮನೆಯ ಮೇಲೆ ನೆರಳೂ ಉಳಿಯಿತು. ಅಕ್ಕ ನನ್ನ ಚಹಕ್ಕೆ ಏಲಕ್ಕಿ ಹಾಕತೊಡಗಿದರು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಧಣಿ ಅತಿಥಿಗಳನ್ನು ಕರೆದುಕೊಂಡು ಬಂದರು. ತಮ್ಮ ಚೀನಾ ಯಂತ್ರವನ್ನು ತೋರಿಸುವ ಹುಕಿ ಬಂತು. ದೋಟಿ ತಾವೇ ಹಿಡಿದರು. ಒಂದು ಟೊಂಗೆ ಬಿತ್ತು, ಅತಿಥಿಗಳು ಚಪ್ಪಾಳೆ ಹೊಡೆದರು. ಇನ್ನೊಂದು ಬಿತ್ತು. "ಸಾಕ್ರಿ ಧಣೇರ, ಅದು ಅಡಿಗಿಮನಿ ಮ್ಯಾಲಿನ ಟೊಂಗಿ" ಅಂದೆ. "ನೀವು ಸುಮ್ಕಿರ್ರಿ, ಬೆಣ್ಣಿ ಕೊಯ್ದಂಗ ಕೊಯ್ತೈತಿ" ಅಂದರು. ಅತಿಥಿಗಳೂ ಒಬ್ಬೊಬ್ಬರಾಗಿ ಒಂದು ಕೈ ನೋಡಿದರು.

ಬ್ಯಾಟರಿ ಈಗ ಇಳಿದೀತು, ಚೈನ್ ಈಗ ಕಳಚೀತು ಅಂತ ನಾನು ದೇವರಿಗೆ ಹರಕೆ ಹೊರುತ್ತ ನಿಂತೆ. ಇಳಿಯಲಿಲ್ಲ, ಕಳಚಲಿಲ್ಲ. ನಾನೇ ಹಾಗೆ ನೋಡಿಕೊಂಡಿದ್ದೆನಲ್ಲ! ಅವತ್ತಿನಷ್ಟು ಚೆಂದ ಆ ಯಂತ್ರ ಯಾವತ್ತೂ ಓಡಿರಲಿಲ್ಲ. ಆ ಬೇಸಿಗೆ ಪೂರ್ತಿ ಅಕ್ಕ ಕಾದ ತಗಡಿನ ಕೆಳಗೆ ಒದ್ದೆ ಸೆರಗು ತಲೆಗೆ ಹಾಕಿಕೊಂಡು ಅಡಿಗೆ ಮಾಡಿದರು. ಒಂದು ಹಿಡಿ ಕಡಲೆಹಿಟ್ಟು ಎಣ್ಣೆಗೆ ಹಾಕಿಟ್ಟಿದ್ದರೆ ಆಗುತ್ತಿತ್ತಲ್ಲ ಅಂತ ಇವತ್ತಿಗೂ ನನ್ನ ಮನಸ್ಸು ಚುಚ್ಚುತ್ತದೆ.

ಅವತ್ತು ಕೊಯ್ದು ಮುಗಿದಾಗ ಬೇವು ಕರೆಂಟಿನ ಕಂಬದ ಹಾಗೆ ಬೋಳಾಗಿ ನಿಂತಿತ್ತು. ಧಣಿ ಬೆವರಿನಿಂದ ತೊಯ್ದು ತೊಪ್ಪೆಯಾಗಿದ್ದರು. ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ, "ಏನ್ ಬಿಸಿಲವ್ವಾ ಇದು! ಅಕ್ಕಾ, ಜಲ್ದಿ ಎಲ್ಲೆರ ನೆರಳಾಗ ಒಂದು ಕುರ್ಚಿ ಹಾಕು" ಅಂದರು.

ಕುರ್ಚಿ ಹಿಡಿದು ಬಂದ ಅಕ್ಕ ಸುತ್ತ ನೋಡಿದರು, ಮೇಲೆ ನೋಡಿದರು. ಆಮೇಲೆ ನೆಲದ ಮೇಲಿನ ಟೊಂಗೆಗಳ ರಾಶಿಯನ್ನು ತೋರಿಸಿ ಕೇಳಿದರು:

"ನೆರಳು ಅಲ್ಲಿ ಬಿದ್ದೈತ್ರಿ ಧಣೇರ. ಕುರ್ಚಿ ಅದರ ಮ್ಯಾಲೆ ಹಾಕ್ಲೋ, ಕೆಳಗ ಹಾಕ್ಲೋ?"