ಬೈದ ಹಾಗೆ ಕೇಳಿಸದ ಪೆಟ್ಟಿಗೆ

ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದೂ ಒಂದು ಸಲವಾದರೂ ದನಿ ಎತ್ತದ ಮನುಷ್ಯನನ್ನು ನೀವು ನೋಡಿದ್ದೀರಾ? ಇಲ್ಲ ತಾನೆ? ಹೇಗೆ ನೋಡಿರುತ್ತೀರಿ, ಅಂಥವರು ಲೋಕಕ್ಕೆ ಒಬ್ಬರೇ, ಅವರು ನಮ್ಮ ಸೋದರಮಾವ! ನಂಜನಗೂಡಿನಿಂದ ತಿ. ನರಸೀಪುರದ ಮೇಲೆ ತಲಕಾಡಿಗೆ ಹೋಗುವ ಬಸ್ಸು ಅವರದು. "ರೈಟ್, ರೈಟ್" ಎಂದು ಅವರು ಕೂಗಿದ್ದನ್ನು ಕೇಳಿದವರಿಲ್ಲ. ಊರು ಬಂದರೆ, ಇಳಿಯಬೇಕಾದವರ ಪಕ್ಕಕ್ಕೆ ಹೋಗಿ, ಬಾಗಿ, ಗುಟ್ಟು ಹೇಳುವವರ ಹಾಗೆ "ನಿಮ್ಮೂರು ಬಂತು" ಎನ್ನುತ್ತಿದ್ದರು. ನರಸೀಪುರಕ್ಕೆ ಟಿಕೆಟ್ ತೆಗೆದು ನಿದ್ದೆ ಹೋದವರು ತಲಕಾಡಿನ ಮರಳು ನೋಡಿಕೊಂಡೇ ವಾಪಸ್ಸು ಬರಬೇಕಾಗುತ್ತಿತ್ತು.

ಇಂಥವರು ನಿವೃತ್ತರಾದ ಮೇಲೆ ಏನು ಮಾಡಬೇಕು? ಸುಮ್ಮನೆ ಮನೆಯಲ್ಲಿರಬೇಕು. ನಮ್ಮ ಮಾವ ರೇಡಿಯೋ ಸೇರಿದರು! ನಾನು ಕೆಲಸ ಮಾಡುವ ಪುಟ್ಟ ಸಮುದಾಯ ರೇಡಿಯೋದಲ್ಲಿ ಬೆಳಗಿನ ಕಾಲು ಗಂಟೆ ಅವರದು. ರಸಬಾಳೆ ರೇಟು, ಕರೆಂಟು ಹೋಗುವ ಹೊತ್ತು, ನಾಲೆಗೆ ನೀರು ಬಿಡುವ ಸುದ್ದಿ, ಕೊನೆಗೊಂದು ಹಿತವಚನ. ಹಿತವಚನವೆಂದರೆ ಭಾರೀ ತತ್ವವೇನಲ್ಲ. "ಒಲೆ ಮೇಲೆ ಹಾಲಿಟ್ಟು ಹಿತ್ತಲಿಗೆ ಹೋಗ್ಬೇಡಿ." "ಒದ್ದೆ ಕಾಲಲ್ಲಿ ಮೆಟ್ಲು ಇಳೀಬೇಡಿ." ಕೇಳುಗರಿಗೆ ಅದೇ ಇಷ್ಟ. ನರಸೀಪುರದಿಂದ ಒಬ್ಬರು ಫೋನ್ ಮಾಡಿ, "ಸಾ, ನಮ್ಮನೇಲಿ ಆಲು ಉಕ್ಕಿದ್ದು ನಿಮ್ಗೆಂಗೆ ಗೊತ್ತಾಯ್ತು ಸಾ?" ಎಂದು ಕೇಳಿದ್ದರು.

ತೊಂದರೆಯೆಂದರೆ ಮಾವನ ದನಿ ಅರ್ಧ ಜನಕ್ಕೆ ಕೇಳಿಸುತ್ತಲೇ ಇರಲಿಲ್ಲ. ಅದಕ್ಕಾಗಿ ರೇಡಿಯೋ ನಡೆಸುವ ಸಮಿತಿಯವರು ವಾಯ್ಸ್ ಪ್ರೊಸೆಸರ್ ಎಂಬ ಪೆಟ್ಟಿಗೆ ಕೊಳ್ಳಲು ಒಪ್ಪಿದರು. ಮೈಕಿಗೂ ಪ್ರಸಾರಕ್ಕೂ ನಡುವೆ ಕೂರುವ ಈ ಪೆಟ್ಟಿಗೆ ಕಿರುಚಿದರೆ ತಗ್ಗಿಸುತ್ತದೆ, ಪಿಸುಗುಟ್ಟಿದರೆ ಎತ್ತುತ್ತದೆ, ಹಿಂದಿನ ಗದ್ದಲವನ್ನು ಒಳಗೆ ಬಿಡುವುದಿಲ್ಲ. ಮೈಸೂರಿನ ಅಂಗಡಿಯವರು ಮೂರು ಪೆಟ್ಟಿಗೆ ತಂದಿಟ್ಟು, "ಶನಿವಾರದೊಳಗೆ ಒಂದನ್ನ ಆರಿಸಿ, ಇಲ್ದಿದ್ರೆ ಮೂರನ್ನೂ ತಗೊಂಡು ಹೋಗ್ತೀನಿ" ಎಂದರು. ತೆಗೆದುಕೊಂಡು ಹೋದರೆ ಮಾವನ ಜಾಗಕ್ಕೆ ಬೇರೆ ದನಿ ಹುಡುಕುವುದೆಂದು ಸಮಿತಿ ಆಗಲೇ ತೀರ್ಮಾನಿಸಿಬಿಟ್ಟಿತ್ತು.

ಆರಿಸುವವರು ಯಾರು? ಇನ್ಯಾರು, ಮಾವನೇ! "ಮಾತು ನಂದು, ಪೆಟ್ಟಿಗೆ ನಾನೇ ನೋಡ್ತೀನಿ" ಎಂದರು.

"ಎಂಥದ್ದು ಬೇಕು ಸರ್ ನಿಮಗೆ?" ಎಂದು ಅಂಗಡಿಯವರು ಕೇಳಿದರು.

"ಮೆಲ್ಲಗೆ ಮಾತಾಡಿದ್ರೂ ಜೋರಾಗಿ ಕೇಳ್ಬೇಕು. ಜೋರಾಗಿ ಕೇಳಿದ್ರೂ ಬೈದಂಗಿರ್ಬಾರ್ದು."

ಪಾಪ, ಅವರು ಕ್ಯಾಟಲಾಗನ್ನು ಹಿಂದೆ ಮುಂದೆ ತಿರುವಿ ನೋಡಿದರು. ಬೈಗುಳ ತಗ್ಗಿಸುವ ಬಟನ್ ಯಾವುದರಲ್ಲೂ ಇರಲಿಲ್ಲ.

ಮಾವನ ಪರೀಕ್ಷೆಯ ಕ್ರಮವೋ, ದೇವರಿಗೇ ಪ್ರೀತಿ! ಸ್ಟುಡಿಯೋದ ಹೆಡ್‌ಫೋನ್ ಅವರಿಗೆ ಬೇಡ. ಹಿಂದಿನ ದಿನ ರೆಕಾರ್ಡ್ ಮಾಡಬೇಕು. ಬೆಳಗ್ಗೆ ಅದು ಪ್ರಸಾರವಾಗುವಾಗ ಅವರು ಹೆಮ್ಮರಗಾಲದ ತಮ್ಮ ಮನೆಯ ಅಡುಗೆಕೋಣೆಯಲ್ಲಿ ಕೂತು ಕೇಳಬೇಕು. ಆಮೇಲೆ ಬಸ್ಸು ಹತ್ತಿ ಬಂದು ನಮಗೆ ರಿಸಲ್ಟ್ ಹೇಳಬೇಕು.

"ಅಡುಗೆಮನೆಯೇ ಯಾಕೆ ಮಾವ?"

"ಅಲ್ಲಿ ಕುಕ್ಕರ್ ಕೂಗ್ತದೆ, ಮಿಕ್ಸಿ ಅರಚ್ತದೆ. ಅಲ್ಲಿ ಪಾಸಾದ್ರೆ ಎಲ್ಲಾ ಕಡೆ ಪಾಸು ಕಣವ್ವ."

ಅತ್ತೆಯ ಅಭಿಪ್ರಾಯ ಕೇಳೋಣವೆಂದರೆ, ಮಾವನ ಮಾತಿಗೆ ಅವರು ಉತ್ತರ ಕೊಡುವುದನ್ನು ಬಿಟ್ಟು ಒಂದು ವರ್ಷವಾಗಿತ್ತು. ನಲವತ್ತು ವರ್ಷದ ಸಂಸಾರ, ಸಾಕಾಗಿರಬೇಕು ಎಂದು ನಾವೆಲ್ಲ ನಗಾಡುತ್ತಿದ್ದೆವು.

ಮೊದಲ ಪೆಟ್ಟಿಗೆ ಮಾವನ ದನಿಯನ್ನು ಎಷ್ಟು ದಪ್ಪ ಮಾಡಿತೆಂದರೆ, ಮೂವರು ಫೋನ್ ಮಾಡಿ ಮೈಸೂರು ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ವಿಚಾರಿಸಿದರು! ಮಾವ ಬಂದವರೇ, "ಫೇಲು" ಎಂದರು. "ನನ್ನ ದನೀಲೇ ಯಾರೋ ನನ್ನ ಗದರಿಸ್ದಂಗಾಯ್ತು."

ಎರಡನೆಯದು ಗದ್ದಲ ತಡೆಯುವುದರಲ್ಲಿ ಬಲು ಶೂರ. ಸಣ್ಣ ಸದ್ದು ಬಂದರೆ ಸಾಕು, ಬಾಗಿಲು ಹಾಕಿಬಿಡುವುದು. ಮಾವನ ದನಿಯೂ ಸಣ್ಣ ಸದ್ದೇ ಅಲ್ಲವೇ? ರೆಕಾರ್ಡ್ ಮಾಡಿದ ನಾನು ಒಮ್ಮೆ ಕೇಳಿ ನೋಡಬೇಕಿತ್ತು, ಸೋಮಾರಿತನ ಮಾಡಿದೆ. ಕಾಲು ಗಂಟೆಯಲ್ಲಿ ಊರಿಗೆ ತಲುಪಿದ್ದು ಎರಡು ಕೆಮ್ಮು ಮತ್ತು ಅರ್ಧ ರಸಬಾಳೆ ರೇಟು. "ಫೇಲು!"

ಶನಿವಾರ ಉಳಿದದ್ದು ಒಂದೇ ಪೆಟ್ಟಿಗೆ. ಇದೂ ಫೇಲಾದರೆ ಮಾವನ ಕಾರ್ಯಕ್ರಮವೂ ಇಲ್ಲ. ನನಗೆ ರೇಗಿಹೋಗಿತ್ತು. ಆ ಅಡುಗೆಮನೆಯಲ್ಲಿ ಅಂಥದ್ದೇನಿದೆ ನೋಡಿಯೇಬಿಡೋಣವೆಂದು ಬೆಳಗ್ಗೆಯೇ ಹೆಮ್ಮರಗಾಲಕ್ಕೆ ಹೋದೆ.

ಅತ್ತೆ ನಮಗೆ ಬೆನ್ನು ಮಾಡಿ ಒಲೆ ಮುಂದೆ ನಿಂತಿದ್ದರು. ಮಾವ ಹಿಂದೆ ಮಣೆ ಹಾಕಿಕೊಂಡು ಕೂತರು. "ಯಾರು ಬಂದವ್ರೆ ನೋಡೇ" ಎಂದು ಎಂದಿನ ಮೆಲುದನಿಯಲ್ಲಿ ಕರೆದರು. ಅತ್ತೆ ತಿರುಗಲಿಲ್ಲ.

"ಸ್ವಲ್ಪ ಜೋರಾಗಿ ಕರೀರಿ ಮಾವ!"

"ಕಿವಿ ಕೇಳಲ್ಲ ಕಣವ್ವ ಅವಳಿಗೆ" ಎಂದರು ಮಾವ. "ಒಂದು ವರ್ಷ ಆಯ್ತು. ಕಿವಿಗೆ ಹಾಕೋ ಮಿಷನ್ ತಂದ್ಕೊಟ್ಟೆ, ಊರವ್ರಿಗೆ ಗೊತ್ತಾಯ್ತದೆ ಅಂತ ಡಬ್ಬಿಲಿ ಮುಚ್ಚಿಟ್ಟವ್ಳೆ. ಯಾರ್ಗೂ ಹೇಳ್ಬೇಡಿ ಅಂದಿದ್ಲು. ಜೋರಾಗಿ ಕೂಗಿದ್ರೆ ಬೈತಾವ್ನೆ ಅಂದ್ಕೊಂಡು ಮುಖ ಸಣ್ಣ ಮಾಡ್ಕತ್ತಾಳೆ. ರೇಡಿಯೋ ಆದ್ರೆ ಎಷ್ಟು ಬೇಕೋ ಅಷ್ಟು ಅವಳೇ ತಿರುಗಿಸ್ಕತ್ತಾಳೆ ನೋಡು."

ನನಗೆ ಒಂದು ವರ್ಷ ನಕ್ಕಿದ್ದೆಲ್ಲ ನೆನಪಾಗಿ ನಾಚಿಕೆಯಾಯಿತು.

ಅಷ್ಟರಲ್ಲಿ ಕಾರ್ಯಕ್ರಮ ಶುರುವಾಯಿತು. ಅತ್ತೆ ಗೂಡಿನಲ್ಲಿದ್ದ ರೇಡಿಯೋವನ್ನು ಕಿವಿಯ ಹತ್ತಿರಕ್ಕೆ ಎಳೆದುಕೊಂಡು ವಾಲ್ಯೂಮ್ ತಿರುಗಿಸಿದರು. ಕುಕ್ಕರ್ ಕೂಗಿತು. ಮಾವನ ದನಿ ಅದರ ನಡುವೆಯೂ ಸ್ವಚ್ಛವಾಗಿ, ಪಕ್ಕದಲ್ಲೇ ಕೂತು ಮಾತಾಡುತ್ತಿರುವ ಹಾಗೆ ಕೇಳಿಸಿತು. ಬಾಳೆಹಣ್ಣು ಮುಗಿಯಿತು, ಕರೆಂಟು ಮುಗಿಯಿತು, ನಾಲೆ ಮುಗಿಯಿತು. ಕೊನೆಗೆ ಹಿತವಚನ: "ಬಿಪಿ ಮಾತ್ರೆ ನುಂಗೋದ ಮರೀಬೇಡಿ."

ಅತ್ತೆ ಸಾರು ತಿರುವುತ್ತಲೇ ರೇಡಿಯೋದ ಕಡೆ ನೋಡಿ ಅಂದರು: "ನುಂಗ್ದೆ, ನುಂಗ್ದೆ. ಬೆಳಗ್ಗೇನೇ ನುಂಗ್ದೆ ಕಣ್ರೀ."

ಮಾವ ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು, ನನ್ನದೂ. "ಪಾಸು ಕಣವ್ವ" ಎಂದರು. "ಅಂಗಡಿಯವ್ರಿಗೆ ಫೋನ್ ಮಾಡು."

ಆಗ ಅತ್ತೆ ತಿರುಗಿ ನನ್ನನ್ನು ನೋಡಿ, "ಅಯ್ಯೋ, ಯಾವಾಗ ಬಂದೆ ಮಗಳೇ?" ಎಂದು ಸೌಟು ಹಿಡಿದೇ ಬಂದು ಕೆನ್ನೆ ಸವರಿದರು. "ಕೇಳಿದ್ಯಾ ನಿಮ್ಮ ಮಾವನ್ನ? ರೇಡಿಯೋದಲ್ಲಿ ಎಷ್ಟು ಚೆನ್ನಾಗಿ ಮಾತಾಡ್ತಾರೆ! ಮನೇಲಿ ಮಾತ್ರ ಒಂದು ವರ್ಷದಿಂದ ತುಟಿ ಪಿಟಕ್ಕನ್ನಲ್ಲ."

ಮಾವ ಹೌದು ಹೌದೆಂದು ತಲೆಯಾಡಿಸಿದರು.