ಅಜ್ಜಿಯ ಹೆಸರಿನ ಆನೆಗಳು

ವರಮಾನ ತೆರಿಗೆ ಕಟ್ಟುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಣ್ಣ ಹೊಟ್ಟೆಕಿಚ್ಚು. ತೆರಿಗೆ ಜಾಸ್ತಿಯಾಯಿತೆಂದು ಅವರು ಗೊಣಗುವ ಧಾಟಿಯಲ್ಲೇ ಒಂದು ಗತ್ತಿರುತ್ತದೆ. ಮಗಳಿಗೆ ಬರುವ ಗಂಡುಗಳ ಕಾಟ ತಡೆಯಲಾಗುತ್ತಿಲ್ಲ ಎಂದು ಹೇಳಿಕೊಳ್ಳುವ ತಾಯಿಯ ಗತ್ತು. ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಅರಸೀಕೆರೆಯ ಕೊಬ್ಬರಿ ಮಂಡಿಯ ಸಾಹುಕಾರರು ಹೋಟೆಲಿನ ಬೆಂಚಿನ ಮೇಲೆ ಕೂತು ‘ಏನ್ ಮಾಡೋದ್ರೀ, ದುಡಿದದ್ದೆಲ್ಲ ಸರ್ಕಾರಕ್ಕೇ ಆಯ್ತು’ ಎಂದು ನಿಟ್ಟುಸಿರು ಬಿಡುತ್ತಿದ್ದರು. ಪಕ್ಕದ ಬೆಂಚಿನಲ್ಲಿ ಬೈಟು ಕಾಫಿ ಹಿಡಿದು ಕೂತಿರುತ್ತಿದ್ದ ನಾನು ಆ ನಿಟ್ಟುಸಿರನ್ನು ಅದರ ಉದ್ದ, ಏರಿಳಿತ, ಕೊನೆಯ ಒಣಕೆಮ್ಮಿನ ಸಮೇತ ಕಲಿತುಬಿಟ್ಟಿದ್ದೆ. ನಿಟ್ಟುಸಿರು ಬಂತು, ವರಮಾನ ಬರಲಿಲ್ಲ. ಅನುಕರಣೆಯ ಕಲೆಗೆ ಇರುವ ಮಿತಿ ಅದು.

ಊರಲ್ಲಿ ನನ್ನನ್ನು ಮಿಮಿಕ್ರಿ ಮಂಜ ಎನ್ನುತ್ತಾರೆ. ನಮ್ಮ ಹೈಸ್ಕೂಲಿನ ಹೆಡ್‌ಮಾಸ್ಟರು, ಹಾರನಹಳ್ಳಿ ಬಸ್ಸಿನ ಕಂಡಕ್ಟರು, ಪಂಚಾಂಗವನ್ನು ಮೂಗಿನಲ್ಲೇ ಓದಿ ಮುಗಿಸುವ ಪುರೋಹಿತರು, ಹಾಲಿಗೆ ನೀರು ಬೆರೆಸಿಲ್ಲವೆಂದು ಕೇಳದಿದ್ದರೂ ಆಣೆ ಹಾಕುವ ನಮ್ಮ ಚಿಕ್ಕಮ್ಮ, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆಗಿದ್ದರು. ನಮ್ಮ ಮನೆ ರೈಲ್ವೆ ಸ್ಟೇಷನ್ನಿನ ಹಿಂದೆಯೇ ಇದ್ದುದರಿಂದ ಮೈಕಿನಲ್ಲಿ ರೈಲು ಬರುವುದನ್ನು ಕೂಗಿ ಹೇಳುವ ಹೆಂಗಸಿನ ಧ್ವನಿಯೂ ಸಿದ್ಧಿಸಿತ್ತು. ಒಮ್ಮೆ ಅದೇ ಧ್ವನಿಯಲ್ಲಿ ‘ದಯವಿಟ್ಟು ಗಮನಿಸಿ’ ಎಂದು ಹಿತ್ತಿಲಿನಿಂದ ಹೇಳಿ, ನಮ್ಮ ಸೋದರಮಾವನನ್ನು ಅರ್ಧ ಊಟದಿಂದ ಎಬ್ಬಿಸಿ ಪ್ಲಾಟ್‌ಫಾರಂವರೆಗೆ ಓಡಿಸಿದ್ದೇನೆ. ಬಿ.ಎ. ಮುಗಿದು ಮೂರು ವರ್ಷವಾಗಿತ್ತು. ಮದುವೆ ಮನೆಗಳಲ್ಲಿ ಊಟಕ್ಕೆ ಮುಂಚೆ ಜನರನ್ನು ನಗಿಸುವುದು, ಊಟವಾದ ಮೇಲೆ ತಾಂಬೂಲದ ಜೊತೆ ಒಂದು ತೆಂಗಿನಕಾಯಿ ಪಡೆದು ಮನೆಗೆ ಬರುವುದು, ಇಷ್ಟೇ ನನ್ನ ಉದ್ಯೋಗ. ತೆಂಗಿನ ಸೀಮೆಯಲ್ಲಿ ಹುಟ್ಟಿದವನಿಗೆ ತೆಂಗಿನಕಾಯಿಯನ್ನು ಸಂಭಾವನೆ ಕೊಡುವುದು ಮೀನಿಗೆ ಲೋಟದಲ್ಲಿ ನೀರು ಕೊಟ್ಟ ಹಾಗೆ.

ಎರಡು ಸಾವಿರದ ಏಳೋ ಎಂಟೋ ಇರಬೇಕು, ಬಸ್‌ಸ್ಟ್ಯಾಂಡಿನ ಎದುರು ಒಂದು ಸೈಬರ್ ಸೆಂಟರ್ ತೆರೆಯಿತು. ಹಸಿರು ಪರದೆ ಕಟ್ಟಿದ ನಾಲ್ಕು ಗೂಡು, ನಾಲ್ಕು ಕಂಪ್ಯೂಟರು. ಮನೆಯಲ್ಲಿದ್ದ ಹಳೆಯ ಕಪಾಟಿನಿಂದ ಹಿಡಿದು ಹೊಸ ಮೊಬೈಲಿನವರೆಗೆ ಏನನ್ನು ಬೇಕಾದರೂ ಇಂಟರ್‌ನೆಟ್ಟಿನಲ್ಲಿ ಮಾರಬಹುದೆಂದು ನನಗೆ ತಿಳಿದದ್ದು ಅಲ್ಲೇ. ನನ್ನ ಹತ್ತಿರ ಮಾರುವುದಕ್ಕೆ ಏನಿತ್ತು? ಧ್ವನಿಗಳಿದ್ದವು, ಅವನ್ನು ಪಾರ್ಸೆಲ್ ಕಟ್ಟಲಾಗುವುದಿಲ್ಲ. ಆಗ ನೆನಪಾದವರು ಹಳೇಬೀಡಿನ ವೀರಾಚಾರ್ರು. ಬಳಪದ ಕಲ್ಲಿನಲ್ಲಿ ಅಂಗೈಯೊಳಗೆ ಕೂರುವಂಥ ಆನೆ ಕೆತ್ತುತ್ತಿದ್ದರು. ಪ್ರವಾಸಿಗಳು ಹತ್ತು ರೂಪಾಯಿಗಾಗಿ ಹತ್ತು ನಿಮಿಷ ಚೌಕಾಸಿ ಮಾಡಿ, ಕೊನೆಗೆ ಆನೆ ಬಿಟ್ಟು ಸೌತೆಕಾಯಿ ಕೊಂಡು ಹೋಗುತ್ತಿದ್ದರು. ‘ನಿನ್ನ ಕಂಪ್ಯೂಟ್ರಾಗೆ ಚೌಕಾಸಿ ಮಾಡೋರು ಇಲ್ವೇನಪ್ಪ?’ ಎಂದು ಕೇಳಿದರು ಆಚಾರ್ರು. ‘ಮಾಡಿದ್ರೂ ನಿಮಗೆ ಕೇಳ್ಸಲ್ಲ’ ಎಂದೆ. ‘ಅಷ್ಟಾದ್ರೆ ಸಾಕು’ ಎಂದು ಆರು ಆನೆ ಕೊಟ್ಟರು.

ಪ್ರತಿ ಭಾನುವಾರ ಸಂಜೆ ಹಳೇಬೀಡಿನಿಂದ ಬಸ್ಸು ಹತ್ತಿ, ಹಳೆ ಪೇಪರಿನಲ್ಲಿ ಸುತ್ತಿದ ಆನೆಗಳನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಗೆ ತಲೆಯಾನಿಸಿ ಬರುತ್ತಿದ್ದೆ. ಜಾವಗಲ್ ದಾಟುವಷ್ಟರಲ್ಲಿ ಬಿಸಿಲು ಕೆಂಪಾಗಿ, ತೆಂಗಿನ ತೋಟಗಳ ನೆರಳು ರಸ್ತೆಯ ಮೇಲೆ ಉದ್ದಕ್ಕೆ ಮಲಗಿ, ಬಸ್ಸು ಆ ನೆರಳುಗಳನ್ನು ಒಂದೊಂದಾಗಿ ದಾಟುವಾಗ ಕಣ್ಣೊಳಗೆ ಬೆಳಕು ಬಂದು ಹೋಗಿ ಬಂದು ಹೋಗಿ ಮಾಡುತ್ತಿತ್ತು. ಆ ಅರೆನಿದ್ದೆಯಲ್ಲಿ ಮಡಿಲ ಆನೆಗಳು ಮೆಲ್ಲಗೆ ಎದ್ದು, ಸೊಂಡಿಲಿನಿಂದ ಪೇಪರು ಸರಿಸಿ, ಕಿಟಕಿಯಿಂದ ಇಳಿದು ಸಾಲಾಗಿ ನಡೆದುಹೋಗುತ್ತಿದ್ದವು. ಒಂದು ಪುಣೆಯ ಯಾರದೋ ಟಿ.ವಿ. ಮೇಲೆ ಹತ್ತಿ ನಿಲ್ಲುತ್ತಿತ್ತು. ಇನ್ನೊಂದು ನಾನು ನೋಡೇ ಇರದ ಸಮುದ್ರದ ಎದುರಿನ ಕಿಟಕಿಯಲ್ಲಿ ಕೂರುತ್ತಿತ್ತು. ‘ಅರಸೀಕೆರೆ ಅರಸೀಕೆರೆ, ಇಳೀರಿ ಬೇಗ’ ಎಂದು ಕಂಡಕ್ಟರ್ ಕೂಗಿದಾಗ ಎಚ್ಚರವಾಗಿ ಎಣಿಸಿದರೆ ಆರೂ ಮಡಿಲಲ್ಲೇ ಇರುತ್ತಿದ್ದವು.

ಇನ್ನು ಅಜ್ಜಿಯ ಕೈಗುಣದ ವಿಷಯ ಹೇಳಬೇಕು. ನಮ್ಮಪ್ಪನ ತಾಯಿ ಗಂಗಮ್ಮ, ಬೀದಿಗೆಲ್ಲ ಗಂಗಜ್ಜಿ. ನಮ್ಮ ಬೀದಿಯಲ್ಲಿ ಯಾರು ಅಂಗಡಿ ತೆರೆದರೂ ಬೋಣಿ ಅವಳ ಕೈಯಿಂದಲೇ ಆಗಬೇಕು. ಗಂಡನಿಲ್ಲದವಳು ಎದುರಿಗೆ ಬಂದರೆ ಎರಡು ನಿಮಿಷ ನಿಂತು ಹೋಗುವ ಶಾಸ್ತ್ರದವರೂ ಶುಕ್ರವಾರ ಬೆಳಿಗ್ಗೆ ಅವಳ ಅಂಗೈಗೆ ನಾಣ್ಯ ಕೊಟ್ಟು, ಅದನ್ನು ಅವಳಿಂದಲೇ ಗಲ್ಲಾಪೆಟ್ಟಿಗೆಗೆ ಹಾಕಿಸಿಕೊಳ್ಳುತ್ತಿದ್ದರು. ಲಾಭದ ಮುಂದೆ ಶಾಸ್ತ್ರ ಎರಡು ನಿಮಿಷ ನಿಂತು ಹೋಗುತ್ತದೆ. ನನ್ನದೂ ಅಂಗಡಿಯೇ ತಾನೆ? ಬಾಗಿಲಿಲ್ಲದ, ಗಲ್ಲಾಪೆಟ್ಟಿಗೆಯಿಲ್ಲದ ಅಂಗಡಿಗೆ ಬೋಣಿ ಹೇಗೆ ಮಾಡಿಸುವುದು ಎಂದು ಯೋಚಿಸಿ, ಮಾರಾಟಗಾರರ ಹೆಸರು ಕೇಳಿದ ಜಾಗದಲ್ಲಿ ‘ಗಂಗಮ್ಮ’ ಎಂದೇ ಹಾಕಿದೆ. ಪ್ಯಾನ್ ಕಾರ್ಡು ಬೇಕೆಂದರು, ಅದನ್ನೂ ಅಜ್ಜಿಯ ಹೆಸರಲ್ಲೇ ಮಾಡಿಸಿದೆ. ಬ್ಯಾಂಕಿನಲ್ಲಿ ಅಜ್ಜಿಗೂ ನನಗೂ ಸೇರಿ ಒಂದು ಖಾತೆ ತೆರೆದೆ. ‘ಯಾತಕ್ಲಾ ಇದು?’ ಎಂದು ಅವಳು ಕೇಳಿದಾಗಲೆಲ್ಲ ‘ಬೋಣಿಗೆ ಕಣಜ್ಜಿ’ ಎಂದೆ. ಅವಳು ಹೆಬ್ಬೆಟ್ಟು ಒತ್ತಿದಳು. ಎರಡೇ ದಿನಕ್ಕೆ ಮೊದಲ ಆನೆ ಮಾರಾಟವಾಯಿತು.

ಕೊಳ್ಳುವವರು ಫೋನು ಮಾಡಿ ‘ಗಂಗಮ್ಮನವರಾ?’ ಎಂದು ಕೇಳಿದರೆ ಅಲ್ಲ ಎನ್ನುವುದು ಹೇಗೆ? ಸ್ವಲ್ಪ ನಡುಗಿಸಿದ ಅಜ್ಜಿಯ ಧ್ವನಿಯಲ್ಲಿ ‘ಹೂಂ ಕಣಪ್ಪಾ’ ಎಂದೆ. ಅಷ್ಟೇ, ಅತ್ತ ಕಡೆಯ ಚೌಕಾಸಿ ನಿಂತುಹೋಯಿತು. ಬೆಂಗಳೂರಿನ ಒಬ್ಬರಂತೂ ‘ಚಳಿ ಜಾಸ್ತಿಯಾಗಿದೆ, ಸ್ವೆಟರ್ ಹಾಕ್ಕೊಳ್ಳಿ ಅಜ್ಜಿ’ ಎಂದರು. ಆ ಮಾತಿಗೆ ನಾನು ನಿಜವಾಗಿಯೂ ನಡುಗಿದೆ. ವರ್ಷವೊಂದು ಹೀಗೇ ಸೊಗಸಾಗಿ ತೇಲಿಹೋಯಿತು.

ಅಜ್ಜಿಗೆ ತಿಂಗಳು ತಿಂಗಳು ಸರ್ಕಾರದ ವೃದ್ಧಾಪ್ಯ ವೇತನ ಬರುತ್ತಿತ್ತು. ಪೋಸ್ಟ್‌ಮನ್ ರಂಗಪ್ಪ ಮನಿಯಾರ್ಡರ್ ತಂದುಕೊಡುವ ದಿನ ಅವಳ ಮುಖವೇ ಬೇರೆ. ಆ ಹಣದಿಂದ ಯಾರ ಮುಂದೂ ಕೈಯೊಡ್ಡದೆ ನಶ್ಯ ಕೊಳ್ಳಬಹುದು, ಬಾಣಂತನಕ್ಕೆ ಬಂದ ಮೊಮ್ಮಗಳ ಮುಷ್ಟಿಯಲ್ಲಿ ನೋಟು ತುರುಕಬಹುದು, ಅಪ್ಪನ ಮೇಲೆ ಸಿಟ್ಟು ಬಂದರೆ ಹೇಳದೆ ಕೇಳದೆ ಬಸ್ಸು ಹತ್ತಿ ಗಂಡಸಿ ಊರಿನಲ್ಲಿರುವ ತಂಗಿಯ ಮನೆಗೆ ಹೋಗಿಬಿಡಬಹುದು. ಮಂಡಿಯಲ್ಲಿ ಕೊಬ್ಬರಿ ತೂಗುವ ಅಪ್ಪನಿಗೂ ಅದು ಗೊತ್ತಿದ್ದುದರಿಂದ ತಿಂಗಳ ಮೊದಲ ವಾರ ಅಜ್ಜಿಯ ಜೊತೆ ಜಗಳ ತೆಗೆಯುತ್ತಿರಲಿಲ್ಲ.

ಅಂಥ ಒಂದು ದಿನ ರಂಗಪ್ಪ ಬಂದ. ನಾನು ಒಳಗೆ ತಲೆ ಬಾಚುತ್ತಿದ್ದೆ.

‘ಅಜ್ಜೀ, ಇವತ್ತು ದುಡ್ಡಿಲ್ಲ. ರಿಜಿಸ್ಟರ್ ಕಾಗ್ದ ಐತೆ, ಹೆಬ್ಬೆಟ್ಟು ಒತ್ತು.’

‘ಯಾರ್ದ್ಲಾ ಕಾಗ್ದ? ನಂಗೆ ಕಾಗ್ದ ಬರೆಯೋರೆಲ್ಲ ಸತ್ತೋಗವ್ರೆ.’

‘ತೆರಿಗೆ ಆಫೀಸಿಂದು, ಹಾಸನದ್ದು.’ ಇಂಗ್ಲಿಷಿನ ಕಾಗದವನ್ನು ರಂಗಪ್ಪ ತನಗೆ ಎಟುಕಿದಷ್ಟು ಕನ್ನಡ ಮಾಡಿ ಓದಿದ. ‘ನೀನು ಇಂಟರ್‌ನೆಟ್ನಾಗೆ ಸಾಮಾನು ಮಾರ್ತಿದೀಯಂತೆ. ಎಷ್ಟು ಮಾರ್ದೆ, ಎಷ್ಟು ಉಳೀತು, ಎಲ್ಲಾ ಬರ್ದು ಕೊಡ್ಬೇಕಂತೆ.’

‘ನಾನೇನ್ಲಾ ಮಾರ್ತೀನಿ?’

‘ಆನೆ ಅಂತ ಬರ್ದವ್ರೆ.’

ಅಜ್ಜಿ ನಶ್ಯದ ಡಬ್ಬಿ ತೆರೆದು ಮುಚ್ಚಿದ ಸದ್ದಾಯಿತು. ಆಮೇಲೆ, ‘ಕಟ್ಟಾಕಕ್ಕೆ ಜಾಗ ಎಲ್ಲೈತ್ಲಾ?’ ಎಂದಳು.

ರಂಗಪ್ಪ ನಗಲಿಲ್ಲ. ದನಿ ತಗ್ಗಿಸಿ, ‘ಅಜ್ಜಿ, ವ್ಯಾಪಾರಸ್ತರಿಗೆ ಈ ವೇತನ ಕೊಡಂಗಿಲ್ಲ. ತಾಲ್ಲೂಕಾಫೀಸ್ಗೆ ಗೊತ್ತಾದ್ರೆ ನಿಲ್ಲುಸ್ಬುಡ್ತಾರೆ, ನೋಡ್ಕೋ’ ಎಂದ. ಬಾಚಣಿಗೆ ನನ್ನ ತಲೆಯಲ್ಲೇ ನಿಂತಿತು.

ಒಳ್ಳೆಯವನಾಗಿದ್ದರೆ ಆಗಲೇ ಹೊರಗೆ ಬಂದು ಒಪ್ಪಿಕೊಳ್ಳುತ್ತಿದ್ದೆ. ನಾನು ರಂಗಪ್ಪ ಹೋದ ಮೇಲೆ ಆ ಕಾಗದ ಎತ್ತಿಕೊಂಡು ಹಿತ್ತಿಲಿಗೆ ಹೋಗಿ, ಅದರಲ್ಲಿದ್ದ ನಂಬರಿಗೆ ಫೋನು ಹಚ್ಚಿದೆ, ಅಜ್ಜಿಯ ಧ್ವನಿಯಲ್ಲಿ. ‘ನಂಗೇನೂ ಗೊತ್ತಿಲ್ಲ ಕಣಪ್ಪ, ಎಲ್ಲಾ ಮೊಮ್ಮಗಂದು’ ಎಂದು ಹೇಳಿ ಇಟ್ಟುಬಿಡುವುದು ಯೋಜನೆ. ಆದರೆ ಅತ್ತ ಕಡೆ ಮಾತಾಡಿದ ಮೇಡಂ ತುಂಬ ಮೃದುವಾಗಿ, ‘ಅಜ್ಜೀ, ಆ ಆನೆಗಳನ್ನ ನೀವೇ ಕೆತ್ತುತ್ತೀರಾ?’ ಎಂದು ಕೇಳಿದರು. ಕಲಾವಿದನಿಗೆ ಅಂಥ ಕೇಳುಗರು ಸಿಗುವುದು ಅಪರೂಪ.

‘ಹೂಂ ಕಣವ್ವ, ಈ ಕೈಯಾಗೇ’ ಎಂದುಬಿಟ್ಟೆ.

‘ಈ ವಯಸ್ಸಲ್ಲಾ?’

‘ಕಲ್ಲಿಗೇನ್ ಗೊತ್ತವ್ವ, ವಯಸ್ಸು?’

ಅತ್ತ ಕಡೆಯಿಂದ ಮೂಗೊರೆಸಿಕೊಂಡ ಸದ್ದು ಬಂತು. ‘ಹಾಗಾದ್ರೆ ವ್ಯಾಪಾರ ನಿಮ್ಮದೇ ಅಂತಾಯ್ತು ಅಜ್ಜಿ. ಹೆದರ್ಬೇಡಿ. ತೆರಿಗೆ ಬೀಳೋಷ್ಟು ಇಲ್ದೇ ಇದ್ರೂ ಎಷ್ಟು ಬಂತು ಅಂತ ತಿಳಿಸ್ಬೇಕು, ಅಷ್ಟೇ. ಸೋಮವಾರ ಬನ್ನಿ, ನಾನೇ ಫಾರಂ ತುಂಬಿಸ್ತೀನಿ. ನಿಮ್ಮನ್ನ ನೋಡ್ಬೇಕು ನಾನು.’

ಹೀಗೆ, ಇದ್ದ ಒಂದು ಅನುಮಾನವನ್ನೂ ನಾನೇ ಗಟ್ಟಿ ಮಾಡಿ ಅಜ್ಜಿಯ ಕೊರಳಿಗೆ ಕಟ್ಟಿದೆ.

ಸೋಮವಾರ ಹಾಸನದ ಬಸ್ಸಿನಲ್ಲಿ ಅಜ್ಜಿಗೆ ಅರ್ಧ ನಿಜ ಹೇಳಿದೆ. ಅವಳು ಬೈಯಲಿಲ್ಲ. ಚೀಲದಲ್ಲಿದ್ದ ಒಂದು ಆನೆಯನ್ನು ಕೇಳಿ ಈಸಿಕೊಂಡಳು. ‘ಇದ್ಕಾ ಇಷ್ಟೆಲ್ಲಾ?’ ಎಂದು ಅದರ ಬೆನ್ನು ಸವರಿದಳು. ಸವರುತ್ತ ಸವರುತ್ತ ಹಾಗೇ ತೂಕಡಿಸಿದಳು. ಕಿಟಕಿಯ ಗಾಳಿಗೆ ಅವಳ ಬಿಳಿ ಕೂದಲು ಹಾರುತ್ತಿತ್ತು, ಅಂಗೈಯಲ್ಲಿ ಆನೆ ಬೆಚ್ಚಗೆ ಕೂತಿತ್ತು. ಈ ಬಸ್ಸು ಹಾಸನವನ್ನೇ ತಲುಪದೆ ಹೀಗೇ ತೋಟಗಳ ನಡುವೆ ಹೋಗುತ್ತಲೇ ಇರಬಾರದೇ, ಎಲ್ಲ ಕಚೇರಿಗಳೂ ಮುಚ್ಚುವವರೆಗೆ, ಎಲ್ಲ ಫಾರಂಗಳೂ ಹಳದಿಯಾಗಿ ಉದುರುವವರೆಗೆ ಎನ್ನಿಸಿತು. ಬೇರೆ ದಿನಗಳಲ್ಲಿ ಕೆಟ್ಟು ನಿಲ್ಲುವ ಆ ಬಸ್ಸು ಅವತ್ತು ಹತ್ತು ನಿಮಿಷ ಮುಂಚೆಯೇ ತಲುಪಿತು.

ಮೇಡಂ ಕುರ್ಚಿಯಿಂದ ಎದ್ದೇ ಬಂದರು. ‘ಬನ್ನಿ ಅಜ್ಜಿ! ಎಲ್ಲಿ, ಆ ಕೈ ತೋರಿಸಿ.’

‘ರಾಗಿ ಬೀಸಿದ ಕೈ ಕಣವ್ವ. ಇದ್ರಾಗೇನೈತೆ ನೋಡಕ್ಕೆ?’ ಎಂದಳು ಅಜ್ಜಿ. ಅವಳದು ಬಾವಿಗೆ ಕೊಡ ಬಿದ್ದಂಥ ದಪ್ಪ ಧ್ವನಿ.

ಮೇಡಂ ಮುಖದ ನಗು ನಿಂತಿತು. ‘ಫೋನಲ್ಲಿ ಮಾತಾಡಿದ್ದು ನೀವಲ್ಲ’ ಎಂದು ನನ್ನ ಕಡೆ ತಿರುಗಿದರು. ನಾನು ಕೈಮುಗಿದು ಬಾಯಿ ತೆರೆದರೆ ಗಾಬರಿಯಲ್ಲಿ ಬಂದದ್ದು ನನ್ನ ಆ ನಡುಗುವ ಅಜ್ಜಿಯ ಧ್ವನಿಯೇ: ‘ತಪ್ಪಾಯ್ತು ಕಣವ್ವಾ...’

ಅಜ್ಜಿ ತನ್ನನ್ನು ತಾನು ಕೇಳಿದ್ದು ಅದೇ ಮೊದಲು. ‘ಅಯ್ಯೋ ಮೂದೇವಿ! ನಾನು ಯಾವತ್ತ್ಲಾ ಹಿಂಗೆ ಅತ್ಕೊಂಡು ಮಾತಾಡಿದ್ದು?’ ಎಂದಳು. ಮೇಡಂ ನಗು ತಡೆಯಲು ಫೈಲು ಎತ್ತಿ ಮುಖಕ್ಕೆ ಹಿಡಿದರು. ನಾನೂ ಸ್ವಲ್ಪ ಧೈರ್ಯ ತಂದುಕೊಂಡು ಹಲ್ಲು ಕಿರಿದೆ. ಅಷ್ಟರಲ್ಲಿ ಅಜ್ಜಿ ಮೇಜಿನ ಅಂಚು ಹಿಡಿದುಕೊಂಡು ಹೇಳಿದಳು: ‘ತಾಯೀ, ಆ ಮನಿಯಾರ್ಡ್ರು ಒಂದು ಬಿಟ್ರೆ ನಂದು ಅಂತ ನಂಗೇನೂ ಇಲ್ಲ. ಅದೊಂದ ನಿಲ್ಲುಸ್ಬ್ಯಾಡ.’

ನಾನು ಅಜ್ಜಿಯ ಕೆಮ್ಮು ಕಲಿತಿದ್ದೆ, ನಶ್ಯ ಏರಿಸಿದ ಮೇಲಿನ ಸೀನು ಕಲಿತಿದ್ದೆ, ಬೈಗುಳ ಕಲಿತಿದ್ದೆ. ಈ ಧ್ವನಿ ಅವಳಲ್ಲಿದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಮೇಡಂ ಒಂದು ಹೊಸ ಫಾರಂ ತೆಗೆದು ನನ್ನ ಮುಂದಿಟ್ಟರು. ‘ನಿಮ್ಮ ಮನಿಯಾರ್ಡರ್ ತಂಟೆಗೆ ನಾವು ಬರಲ್ಲ ಅಜ್ಜಿ. ವ್ಯಾಪಾರ ಯಾರು ಮಾಡಿದ್ರೋ ಅವರು ತಮ್ಮ ಹೆಸರಲ್ಲಿ ಬರ್ದು ಕೊಟ್ರೆ ಇಲ್ಲಿ ನಿಮ್ಮ ಹೆಸರು ಹೊಡೆದುಹಾಕ್ತೀನಿ. ಬರಿಯಪ್ಪ.’ ಬರೆದೆ. ಮಾರಿದ ಆನೆಗಳು, ಆಚಾರ್ರಿಗೆ ಕೊಟ್ಟದ್ದು, ಪಾರ್ಸೆಲ್ ಖರ್ಚು, ಬಸ್ ಚಾರ್ಜು. ಕೊನೆಗೆ ಮೇಡಂ ಕೂಡಿ ಕಳೆದು, ‘ತೆರಿಗೆ ಏನೂ ಬರಲ್ಲ’ ಎಂದರು. ಸುಳ್ಳು ಯಾಕೆ ಹೇಳಲಿ, ಸಣ್ಣ ಅವಮಾನವಾಯಿತು. ಸಾಹುಕಾರರ ಆ ನಿಟ್ಟುಸಿರನ್ನು ಹಕ್ಕಿನಿಂದ ಬಿಡುವ ಯೋಗ ಆ ವರ್ಷವೂ ತಪ್ಪಿತು.

‘ಸಹಿ ಹಾಕೋಕೆ ಮುಂಚೆ, ಕೆಳಗಿರೋ ಆ ಸಾಲಿನ ಅರ್ಥ ಅಜ್ಜಿಗೆ ಕೇಳೋ ಹಾಗೆ ಕನ್ನಡದಲ್ಲಿ ಹೇಳು’ ಎಂದರು ಮೇಡಂ. ‘ಯಾರ ಧ್ವನೀನೂ ಬೇಡ. ನಿನ್ನದ್ರಲ್ಲಿ.’

ಗಂಟಲು ಸರಿಮಾಡಿಕೊಂಡೆ. ಮೊದಲು ಹೆಡ್‌ಮಾಸ್ಟರು ಎದ್ದು ಬಂದರು, ಅವರನ್ನು ಕೂರಿಸಿದೆ. ಪುರೋಹಿತರು ಮೂಗಿನಲ್ಲಿ ಶುರು ಮಾಡಿದರು, ಕೈಮುಗಿದು ಕಳಿಸಿದೆ. ಕಂಡಕ್ಟರನ್ನು ಅಲ್ಲೇ ಇಳಿಸಿದೆ. ಎಲ್ಲರೂ ಹೋದ ಮೇಲೆ ಖಾಲಿ ಗಂಟಲಿನ ಯಾವುದೋ ಮೂಲೆಯಿಂದ, ಬಹಳ ದಿನ ಬೀಗ ಹಾಕಿದ್ದ ಕೋಣೆಯ ಬಾಗಿಲಿನ ಹಾಗೆ, ತೆಳ್ಳಗಿನ ಒಂದು ಧ್ವನಿ ಹೊರಟಿತು: ‘ಮೇಲೆ ಬರೆದಿರುವುದೆಲ್ಲ ನನಗೆ ತಿಳಿದ ಮಟ್ಟಿಗೆ ನಿಜ.’

ಕಿಟಕಿಯಾಚೆ ನೋಡುತ್ತಿದ್ದ ಅಜ್ಜಿ ಬೆಚ್ಚಿ ಬಾಗಿಲ ಕಡೆ ತಿರುಗಿದಳು.

‘ಯಾರೋ ಬಂದವ್ರೆ ನೋಡ್ಲಾ ಮಂಜ’ ಎಂದಳು. ‘ಎದ್ದು ಕುರ್ಚಿ ಬುಡು.’